ಬುಧವಾರದ ಹಾಡು ಮುಗಿಯುವ ತನಕ

ಹತ್ತೂವರೆಗೆ ಕಚೇರಿ ತೆರೆಯುತ್ತದೆ ಎಂದು ಬೋರ್ಡಿನ ಮೇಲೆ ಬರೆದಿರುತ್ತದೆ. ಆ ಹೊತ್ತಿಗೆ ತೆರೆಯುವುದು ಬಾಗಿಲು ಮಾತ್ರ. ಒಳಗೆ ಕುಳಿತ ಮನುಷ್ಯ ತಲೆಯೆತ್ತಿ ಎದುರಿಗೆ ನಿಂತವರ ಮುಖ ನೋಡಿದಾಗ ಕಚೇರಿ ತೆರೆಯುತ್ತದೆ. ಇಷ್ಟು ಸಣ್ಣ ಮಾತು ನನಗೆ ತಿಳಿಯುವ ಹೊತ್ತಿಗೆ ನನ್ನ ಕೈಯಿಂದ ಒಬ್ಬ ಹುಡುಗಿಯ ಓದು ನಿಂತುಹೋಗಿತ್ತು, ಒಬ್ಬ ಜವಾನ ಹೆಂಡತಿ ಮಕ್ಕಳನ್ನು ಬಿಟ್ಟು ದೂರದ ಊರಿಗೆ ಹೋಗಿದ್ದ.

ಹೋದ ವರ್ಷ ನನ್ನ ತಮ್ಮನ ಮೊಮ್ಮಗಳಿಗೆ ಗುಮಾಸ್ತಿಕೆ ಸಿಕ್ಕಿತು. ಕೆಲಸಕ್ಕೆ ಸೇರುವ ಮುಂಚೆ ನಮಸ್ಕಾರ ಮಾಡಲು ಬಂದವಳು ಕೇಳಿದಳು:

“ಅಜ್ಜಾ, ನೀವೆಲ್ಲಾ ಆಫೀಸಿನ್ಯಾಗ ದಿನಾ ಏನ್ ಮಾಡ್ತಿದ್ರಿ?”

“ಹಾಡ ಕೇಳತಿದ್ವಿ,” ಎಂದೆ.

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅವಳಿಗೆ ಅಂದು ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಅವಳ ಹಾಗೆ ಹೊಸದಾಗಿ ಕುರ್ಚಿಯ ಮೇಲೆ ಕೂರುವ ಎಲ್ಲರೂ ಓದಲಿ. ನಾನು ಎಸ್.ಎಸ್.ಎಲ್.ಸಿ. ತನಕ ಓದಿದವನು. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು, ಈ ನಾಲ್ಕು ಊರುಗಳನ್ನು ಸುತ್ತುತ್ತ ನೌಕರಿ ಮುಗಿಸಿದೆ. ನಡುವೆ ಬಡ್ತಿಗಳು ಸಿಕ್ಕವು, ಅವುಗಳ ಮಾತು ಇಲ್ಲಿ ಬೇಡ. ಇಲಾಖೆಯ ಹೆಸರನ್ನೂ ಬರೆಯುವುದಿಲ್ಲ. ನಾನು ಹೇಳಬೇಕಾದ ತಪ್ಪು ಇಲಾಖೆಯದಲ್ಲ, ನನ್ನದು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಸಂಪಗಾಂವದ ನಮ್ಮ ಮನೆಯಿಂದ ಸೈಕಲ್ ಮೇಲೆ ಬೈಲಹೊಂಗಲದ ಕಚೇರಿಗೆ ಬರುತ್ತಿದ್ದೆ. ಕಚೇರಿಯ ಗೋಡೆಯ ಗಡಿಯಾರ ನಾನು ಸೇರುವ ಮುಂಚೆಯೇ ನಿಂತಿತ್ತು. ಅದರ ರಿಪೇರಿಗಾಗಿ ಪತ್ರವ್ಯವಹಾರ ನಡೆದು ನಡೆದು ಆ ಫೈಲು ಗಡಿಯಾರಕ್ಕಿಂತ ದಪ್ಪವಾಗಿತ್ತು. ಆದರೆ ಗಡಿಯಾರ ಇಲ್ಲವೆಂಬ ಕೊರತೆ ಯಾರಿಗೂ ಇರಲಿಲ್ಲ. ರಸ್ತೆಯ ಆಚೆ ಒಂದು ಚಹಾದ ಅಂಗಡಿ ಇತ್ತು. ಅದರ ಮಾಲೀಕ ಒಂದು ಗ್ರಾಮಫೋನು ಇಟ್ಟು, ರಸ್ತೆಗೆಲ್ಲ ಕೇಳುವ ಹಾಗೆ ಅದಕ್ಕೆ ಭೋಂಗಾ ಹಚ್ಚಿದ್ದ. ಬೆಳಿಗ್ಗೆ ದೇವರ ಹಾಡು, ಹನ್ನೊಂದರ ನಂತರ ಸಿನಿಮಾ ಹಾಡು, ಊಟದ ಮೇಲೆ ಮರಾಠಿ ಹಾಡು, ಸಂಜೆ ಐದಕ್ಕೆ ಮತ್ತೆ ದೇವರು. ಇದು ಒಂದು ದಿನವೂ ತಪ್ಪುತ್ತಿರಲಿಲ್ಲ.

ಅಲ್ಲಿಯ ಹೆಡ್ ಕ್ಲರ್ಕ್ ನನಗೆ ಕೊಟ್ಟ ಮೊದಲ ಪಾಠ ಹೀಗಿತ್ತು: “ತಮ್ಮಾ, ದೇವರ ಹಾಡಿನ್ಯಾಗ ಟಪಾಲ ಒಡಿ. ಸಿನಿಮಾ ಹಾಡಿನ್ಯಾಗ ಟಿಪ್ಪಣಿ ಬರಿ. ಮರಾಠಿ ಹಾಡಿನ್ಯಾಗ ಕಣ್ಣ ಮುಚ್ಚಿದ್ರೂ ನಡೀತೈತಿ, ಆದರ ಪೆನ್ನ ಕೈಯಾಗಿರಲಿ.”

ಪಾಠ ನನಗೆ ಬೇಗ ಹತ್ತಿತು. ಎಷ್ಟು ಹತ್ತಿತೆಂದರೆ, ಒಂದು ದಿನ ಮೇಲಿನ ಕಚೇರಿಗೆ ಹೋಗಬೇಕಾದ ಪತ್ರದ ಶುದ್ಧಪ್ರತಿ ಬರೆಯುವಾಗ ಭೋಂಗಾದಲ್ಲಿ ಬರುತ್ತಿದ್ದ ಸಾಲು ಕಿವಿಯಿಂದ ಇಳಿದು ಪೆನ್ನಿಗೆ ಬಂತು. “ಮೇಲ್ಕಾಣಿಸಿದ ವಿಷಯದ ಬಗ್ಗೆ ತಮ್ಮ ಗಮನಕ್ಕೆ ತರುವುದೇನೆಂದರೆ” ಎಂದು ಬರೆದು, ಅದರ ಮುಂದೆ “ಹೊಳೆಯ ದಂಡೆಯಲಿ ನಿಂತು ನಿನ್ನ ನೆನೆದೆನು” ಎಂದು ಸೇರಿಸಿ, ಮತ್ತೆ ವಿಷಯಕ್ಕೆ ಬಂದಿದ್ದೆ. ಯಾರೂ ಓದಿ ನೋಡಲಿಲ್ಲ. ಸಹಿಯಾಯಿತು, ಟಪಾಲಿಗೆ ಹೋಯಿತು. ಎರಡು ವಾರದ ಮೇಲೆ ಪತ್ರ ಕೆಂಪು ಶಾಯಿ ಹೊತ್ತು ತಿರುಗಿ ಬಂತು: “ಯಾವ ಹೊಳೆ? ಯಾವ ದಂಡೆ? ಯಾರನ್ನು ನೆನೆಯಲಾಯಿತು? ವಿವರ ಸಲ್ಲಿಸತಕ್ಕದ್ದು.”

ಹೆಡ್ ಕ್ಲರ್ಕ್ ಕನ್ನಡಕ ಏರಿಸಿಕೊಂಡು ತಾವೇ ಉತ್ತರ ಬರೆದರು: “ಸದರಿ ಹೊಳೆಯು ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲವೆಂದು ವಿನಯಪೂರ್ವಕ ತಿಳಿಸಲಾಗಿದೆ.” ಪ್ರಕರಣ ಮುಗಿಯಿತು.

ಈ ಕಥೆಯನ್ನು ಮದುವೆ ಮುಂಜಿಗಳಲ್ಲಿ ಹೇಳಿ ನಗಿಸುತ್ತ ಬಂದೆ. ಈಚೆಗೆ ಒಂದು ವಿಚಾರ ಬಂತು. ಆ ಪತ್ರ ಯಾವುದೋ ಹಳ್ಳಿಯ ಯಾರದೋ ಕೆಲಸಕ್ಕೆ ಬರೆದದ್ದು. ಹೋಗಿ ಬರುವುದರಲ್ಲಿ ತಿಂಗಳು ಕಳೆಯಿತು. ಅಷ್ಟು ದಿನ ಯಾರೋ ಕಾದಿದ್ದರು. ಅವರು ಯಾರು, ಯಾವ ಊರಿನವರು ಎಂಬುದು ನನಗೆ ನೆನಪಿಲ್ಲ. ಹೊಳೆಯ ಸಾಲು ಮಾತ್ರ ನೆನಪಿದೆ.

ಸವದತ್ತಿಗೆ ವರ್ಗವಾದಾಗ ಹಾಡು ರಸ್ತೆ ದಾಟಿ ಕಚೇರಿಯ ಒಳಗೆ ಬಂದಿತ್ತು. ಟ್ರಾನ್ಸಿಸ್ಟರು ಅಗ್ಗವಾಗಿದ್ದ ಕಾಲ. ಅಲ್ಲಿಯ ಟೈಪಿಸ್ಟ್ ವಸಂತ ನನ್ನ ವಾರಿಗೆಯವನು. ಅವನ ಬೆರಳು ಹಾಡಿನ ತಾಳಕ್ಕೆ ನಡೆಯುತ್ತಿದ್ದವು. ವಿರಹದ ಹಾಡು ಬಂದರೆ ಅರ್ಧ ಗಂಟೆಗೆ ಒಂದು ಹಾಳೆ, ಕುಣಿತದ ಹಾಡು ಬಂದರೆ ನಾಲ್ಕು. ಮೇಲಿನವರು ಅವಸರ ಮಾಡಿದಾಗ ದೊಡ್ಡ ಗುಮಾಸ್ತರು ಕೂಗುತ್ತಿದ್ದರು: “ಲೇ ವಸಂತಾ, ಅಳೂದನ್ನ ಬಂದ್ ಮಾಡೋ! ಕುಣಿಯೂದು ಎಲ್ಲಿ ಹತ್ತೈತಿ ನೋಡಿ ತಿರುವು, ಐದೂವರಿ ಒಳಗ ಪಟ್ಟಿ ಹೋಗಬೇಕು.”

ವಾರಕ್ಕೊಮ್ಮೆ ರೇಡಿಯೋದಲ್ಲಿ ಕೇಳುಗರು ಬರೆದು ಕೇಳಿದ ಹಾಡು ಹಾಕುವ ಕಾರ್ಯಕ್ರಮ ಬರುತ್ತಿತ್ತು. ಹಾಡಿಗಿಂತ ಮುಂಚೆ, ಅದನ್ನು ಕೇಳಿದವರ ಹೆಸರು ಮತ್ತು ಊರು ಓದುತ್ತಿದ್ದರು. ಈಗಿನವರಿಗೆ ಇದರ ರುಚಿ ತಿಳಿಸುವುದು ಕಷ್ಟ. ಪೇಪರಿನಲ್ಲಿ ಹೆಸರು ಬರಬೇಕಾದರೆ ದೊಡ್ಡವರಾಗಿರಬೇಕು, ಇಲ್ಲವೇ ಸತ್ತಿರಬೇಕು. ರೇಡಿಯೋದಲ್ಲಿ ಬರಲು ಒಂದು ಕಾರ್ಡು ಸಾಕಾಗಿತ್ತು. ನಾವು ಕಚೇರಿಯ ಶಾಯಿಯಲ್ಲಿ, ಕಚೇರಿಯ ಹೊತ್ತಿನಲ್ಲಿ, ಡಜನುಗಟ್ಟಲೆ ಕಾರ್ಡು ಬರೆಯುತ್ತಿದ್ದೆವು. ಒಂದೇ ಹೆಸರು ಸಾಲದೆಂದು ಹೆಂಡತಿ, ಅತ್ತೆ, ಹುಟ್ಟಬೇಕಾದ ಮಗು, ಎಲ್ಲರ ಹೆಸರಲ್ಲೂ ಬರೆದೆವು. ಯಾರ ಹೆಸರು ಬಂತೋ ಅವರು ಎಲ್ಲರಿಗೂ ಮಿರ್ಚಿ ಭಜಿ ತಿನಿಸಬೇಕು. ವಸಂತನ ಹೆಸರು ಮೂರು ಸಲ ಬಂತು. ಅವನ ಅತ್ತೆಯ ಹೆಸರು ಎರಡು ಸಲ ಬಂತು. ನಾನು ಸವದತ್ತಿ ಬಿಡುವ ತನಕ ಎಲ್ಲರ ಭಜಿ ತಿಂದೆ, ನನ್ನ ಹೆಸರು ಒಮ್ಮೆಯೂ ಬರಲಿಲ್ಲ.

ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದಕ್ಕೆ ಇದೇ ಮೂಲ. ಇದರಿಂದ ನನ್ನ ತಪ್ಪು ಸಣ್ಣದಾಗುವುದಿಲ್ಲ.

ರಾಮದುರ್ಗಕ್ಕೆ ಹೋದದ್ದು ತುರ್ತು ಪರಿಸ್ಥಿತಿಯ ದಿನಗಳಲ್ಲಿ. ಗೋಡೆಗೆಲ್ಲ ಹೆಚ್ಚು ದುಡಿಯಿರಿ ಎಂಬ ಬೋರ್ಡುಗಳು. ಹಾಜರಿ ಪುಸ್ತಕ ಹತ್ತೂವರೆ ಆದ ಐದು ನಿಮಿಷಕ್ಕೆ ಸಾಹೇಬರ ಕೋಣೆಗೆ ಹೋಗುತ್ತಿತ್ತು. ತಡವಾಗಿ ಬಂದವರಿಗೆ ಮೆಮೊ ತಪ್ಪುತ್ತಿರಲಿಲ್ಲ, ನೌಕರಿ ಹೋದವರ ಸುದ್ದಿಯೂ ಕಿವಿಗೆ ಬೀಳುತ್ತಿತ್ತು. ಅಂಥ ದಿನಗಳಲ್ಲೂ ನಮ್ಮ ಹೆಡ್ ಕ್ಲರ್ಕ್ ಅಣ್ಣಾರಾಯರ ಚರ್ಮದ ಚೀಲದ ಟ್ರಾನ್ಸಿಸ್ಟರು ಕಚೇರಿಯಲ್ಲೇ ಇತ್ತು. ಮೇಜಿನ ಮೇಲಿಂದ ಹಳೆಯ ಫೈಲುಗಳ ಕಪಾಟಿನ ಸಂದಿಗೆ ಹೋಗಿತ್ತು, ಅಷ್ಟೇ. ಹಾಡಿನ ಕಾರ್ಯಕ್ರಮ ಬುಧವಾರ ಮಧ್ಯಾಹ್ನ ಎರಡರಿಂದ ಮೂರು. ಸಾಹೇಬರು ಬುಧವಾರ ಹಳ್ಳಿಗಳಿಗೆ ಫಿರತಿ ಹೋಗುತ್ತಿದ್ದರು. ಊಟದ ಬಿಡುವು ಎರಡೂವರೆಗೆ ಮುಗಿಯಬೇಕು. ಬುಧವಾರ ಮೂರಕ್ಕೆ ಮುಗಿಯುತ್ತಿತ್ತು.

ನನ್ನದು ಆವಕ ಗುಮಾಸ್ತನ ಕೆಲಸ. ಬಂದ ಕಾಗದಗಳನ್ನೆಲ್ಲ ತೆಗೆದುಕೊಂಡು, ತಾರೀಖಿನ ಮೊಹರು ಒತ್ತಿ, ಪುಸ್ತಕದಲ್ಲಿ ಏರಿಸುವುದು. ವರಾಂಡಕ್ಕೆ ತೆರೆಯುವ ಒಂದು ಕಿಟಕಿ, ಅದಕ್ಕೆ ಎರಡು ಬಾಗಿಲು. ಕಿಟಕಿಯ ಪಕ್ಕದ ಹಲಗೆಯಲ್ಲಿ ನನ್ನ ಹೆಸರಿತ್ತು. ಬೆಳಿಗ್ಗೆ ಬಂದೊಡನೆ ಮೊಹರಿನ ರಬ್ಬರಿನ ಗಾಲಿ ತಿರುವಿ ಅಂದಿನ ತಾರೀಖು ಮಾಡಿಟ್ಟುಕೊಳ್ಳುವುದು ನನ್ನ ಮೊದಲ ಕೆಲಸವಾಗಿತ್ತು. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದೆ.

ಆ ಬುಧವಾರ ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಲು ಕೊನೆಯ ದಿನ. ಬೆಳಿಗ್ಗೆಯಿಂದ ಬಂದ ಅರ್ಜಿಗಳಿಗೆಲ್ಲ ಮೊಹರು ಒತ್ತಿದ್ದೆ. ಎರಡು ಗಂಟೆಗೆ ಕಿಟಕಿ ಮುಚ್ಚಿ ಕಪಾಟಿನ ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತೆ. ಹಿಂದಿನ ತಿಂಗಳು ಹನ್ನೆರಡು ಕಾರ್ಡು ಹಾಕಿದ್ದೆ. ಎರಡೂಮುಕ್ಕಾಲರ ಸುಮಾರು ಜವಾನ ಫಕೀರಪ್ಪ ಒಳಗೆ ಬಂದ.

“ಈರಪ್ಪನವರ, ಸಾಲಹಳ್ಳಿಯಿಂದ ಒಬ್ಬ ಹುಡುಗಿ ಬಂದೈತ್ರಿ, ಅರ್ಜಿ ತಂದೈತಿ. ಬಸ್ಸ ಕೆಟ್ಟ ನಿಂತಿತ್ತಂತ. ಅಪ್ಪ ಮಗಳು ನಡಕೊಂತ ಬಂದಾರ್ರಿ.”

“ಹಾಡ ಮುಗೀಲಿ. ನಿಂದರ ಅನ್ನು.”

“ಬಿಸಲ ಭಾಳ ಐತ್ರಿ ಹೊರಗ.”

“ಬಿಸಲ ನಾ ಹಚ್ಚೇನೇನೋ?”

ಎಲ್ಲರೂ ನಕ್ಕರು. ಫಕೀರಪ್ಪ ನಗಲಿಲ್ಲ, ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಕಿಟಕಿಯ ಮೇಲೆ ಬೆರಳಿನಿಂದ ಮೆಲ್ಲಗೆ ಬಡಿದ ಸದ್ದಾಯಿತು. ಸಿಟ್ಟಿನಿಂದ ಎದ್ದು ಒಂದು ಬಾಗಿಲು ತೆರೆದೆ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ದೂಳು ಮೆತ್ತಿದ ಮುಖ, ಎರಡೂ ಕೈಯಲ್ಲಿ ಹಿಡಿದ ಒಂದು ಲಕೋಟೆ. ಹಿಂದೆ ಬೇವಿನ ಮರದ ಕೆಳಗೆ ತಂದೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

“ಸರ್, ಇವತ್ತ ಕಡೀ ದಿನರಿ.”

“ಗೊತ್ತೈತಿ. ಐದೂವರಿ ಮಟಾ ಟೈಮ್ ಐತಿ, ಯಾಕ ಹಂಗ ಬಡಕೋತಿ?”

ಅಷ್ಟರಲ್ಲಿ ಒಳಗಿಂದ ರೇಡಿಯೋದ ಹೆಂಗಸಿನ ನಯವಾದ ದನಿ ಕೇಳಿತು: “ರಾಮದುರ್ಗದಿಂದ ಈರಪ್ಪ ಮತ್ತು ಕಚೇರಿಯ ಗೆಳೆಯರು...”

ಕೂಗೆಂದರೆ ಕೂಗು. ಚಪ್ಪಾಳೆ ಬಿದ್ದವು. ಅಣ್ಣಾರಾಯರು ಬಂದು ಬೆನ್ನಿಗೆ ಬಡಿದು “ಭಜಿ ತರಸಲೇ ಮಗನ!” ಎಂದರು. ನಾನು ಕಿಟಕಿ ಹಿಡಿದುಕೊಂಡು ಹುಚ್ಚನಂತೆ ನಗುತ್ತಿದ್ದೆ. ಆ ಹುಡುಗಿಯೂ ನಕ್ಕಳು.

“ನಿಮ್ಮ ಹೆಸರೇನ್ರಿ ಸರ್ ಅದು?”

“ಹೂಂ, ನಂದ!”

ಕೈ ಚಾಚಿ ಲಕೋಟೆ ತೆಗೆದುಕೊಂಡೆ. ಅವಳು ಕೇಳಿದಳು, “ಮುಟ್ಟಿದ ಚೀಟಿ ಕೊಡ್ರಿ ಸರ್.” ಹಾಡು ಶುರುವಾಗಿತ್ತು. ನಾನು ಬರೆದು ಕೇಳಿದ ಹಾಡು. “ಚೀಟಿ ಏನ್ ಬ್ಯಾಡ, ನಾ ಅದೀನಲ್ಲ, ಹೋಗು,” ಎಂದು ಲಕೋಟೆಯನ್ನು ಡ್ರಾವರಿಗೆ ಹಾಕಿ ಕಿಟಕಿ ಮುಚ್ಚಿದೆ. ಆಮೇಲೆ ಭಜಿ ಬಂದವು, ಚಹಾ ಬಂತು, ವಿನೋದವಾಯಿತು, ಐದೂವರೆಯಾಯಿತು. ಡ್ರಾವರಿಗೆ ಬೀಗ ಹಾಕಿ ಹಾಡು ಗುನುಗುತ್ತ ಮನೆಗೆ ಹೋದೆ.

ಗುರುವಾರ ಬೆಳಿಗ್ಗೆ ಬಂದೆ. ಗಾಲಿ ತಿರುವಿದೆ. ಡ್ರಾವರು ತೆರೆದು, ಮೇಲಿದ್ದ ಕಾಗದಗಳ ಮೇಲೆ ಠಪ್ ಠಪ್ ಎಂದು ಒತ್ತುತ್ತ ಹೋದೆ. ನಾಲ್ಕನೆಯದು ಆ ಅರ್ಜಿಯ ಲಕೋಟೆ. ಒತ್ತಿದ ಮೇಲೆ ಹೆಸರು ಕಣ್ಣಿಗೆ ಬಿತ್ತು: ಮಾಯವ್ವ, ಸಾಲಹಳ್ಳಿ. ಮೊಹರಿನ ಶಾಯಿ ಇನ್ನೂ ಹಸಿಯಾಗಿತ್ತು. ಅದು ಗುರುವಾರದ ತಾರೀಖು.

ತಿದ್ದಲು ದಾರಿ ಇತ್ತು. ಮೊಹರಿಗೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ಸಾಹೇಬರ ಸಹಿ ತೆಗೆದುಕೊಂಡರೆ ಮುಗಿಯುತ್ತಿತ್ತು. ಆದರೆ ಕಾರಣ ಎಂದು ಏನು ಬರೆಯಲಿ? ಕೊನೆಯ ದಿನ ಮೂರು ಗಂಟೆಗೆ ಮುಂಚೆಯೇ ಕೈಗೆ ಬಂದ ಅರ್ಜಿಗೆ ಮೊಹರು ಏಕೆ ಬೀಳಲಿಲ್ಲ ಎಂದರೆ ರೇಡಿಯೋದ ಮಾತು ಬರುತ್ತದೆ. ಸುಮ್ಮನಾದೆ. ಒಂದು ದಿನ ತಾನೆ, ಯಾರು ನೋಡುತ್ತಾರೆ ಎಂದುಕೊಂಡು ಪುಸ್ತಕದಲ್ಲಿ ಗುರುವಾರಕ್ಕೇ ಏರಿಸಿದೆ.

ನೋಡಿದರು. ತಿಂಗಳಾದ ಮೇಲೆ ಮಾಯವ್ವ ತಂದೆಯೊಡನೆ ಮತ್ತೆ ಬಂದಳು. ಕೈಯಲ್ಲಿ ಮೇಲಿನ ಕಚೇರಿಯ ಕಾಗದ. ಅವಧಿ ಮೀರಿ ಬಂದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ. ಫಕೀರಪ್ಪ ಅವಳನ್ನು ನನ್ನ ಕಿಟಕಿಗೆ ಕಳಿಸದೆ ನೇರವಾಗಿ ಸಾಹೇಬರ ಕೋಣೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದ. ನನ್ನನ್ನೂ ಅಣ್ಣಾರಾಯರನ್ನೂ ಒಳಗೆ ಕರೆದರು.

“ಯಾವ ದಿನ ಬಂದಿದ್ದಿ ಯವ್ವಾ?” ಸಾಹೇಬರು ಕೇಳಿದರು.

“ಬುಧವಾರರಿ.”

“ಮೊಹರ ಗುರುವಾರದ್ದೈತಲ್ಲ.”

“ಮೊಹರ ನನಗ ಗೊತ್ತಿಲ್ರಿ. ನಾ ಅರ್ಜಿ ಕೊಡೂ ಹೊತ್ತಿಗೆ ಒಳಗ ರೇಡಿಯೋ ಹತ್ತಿತ್ರಿ. ಅದರಾಗ ಈ ಸರ್ ಹೆಸರ ಬಂತ್ರಿ, ಎಲ್ಲಾರೂ ಚಪ್ಪಾಳಿ ಹೊಡದರ್ರಿ. ಆ ಕಾರ್ಯಕ್ರಮ ಬುಧವಾರ ಅಷ್ಟ ಬರತೈತ್ರಿ, ನಮ್ಮೂರಾಗೂ ಕೇಳತಾರ. ನಾ ಗುರುವಾರ ಬಂದಿದ್ರ ಇವರ ಹೆಸರ ಬಂದದ್ದು ನನಗ ಹೆಂಗ ಗೊತ್ತಾಗತಿತ್ರಿ?”

ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ಶಾಲೆಯಲ್ಲಿ ಲೆಕ್ಕ ಬಿಡಿಸಿ ತೋರಿಸುವ ಹಾಗೆ ಹೇಳಿದಳು. ಸಾಹೇಬರ ಮುಖ ಕೆಂಪಾಯಿತು.

“ಕಚೇರ್ಯಾಗ ರೇಡಿಯೋ?”

“ಛೇ ಛೇ, ಎಲ್ಲಿ ರೇಡಿಯೋ ಸಾಹೇಬ್ರ!” ಅಣ್ಣಾರಾಯರು ಮುಂದೆ ಬಂದರು. “ಓಣ್ಯಾಗ ಯಾರರ ಮನ್ಯಾಗ ಹಚ್ಚಿರಬೇಕು. ಸಣ್ಣ ಹುಡುಗಿ, ಗಾಬರ್ಯಾಗ ಏನೋ ಕೇಳೇತಿ.”

“ಈರಪ್ಪ, ನೀವು ಹೇಳ್ರಿ.”

ಎಲ್ಲರೂ ನನ್ನ ಮುಖ ನೋಡಿದರು. ಅವಳೂ ನೋಡಿದಳು. ಅವಳ ಮುಖದಲ್ಲಿ ಅನುಮಾನವೇ ಇರಲಿಲ್ಲ. ನಾನು ಹೌದು ಎನ್ನುತ್ತೇನೆಂದೇ ಅವಳು ನಂಬಿದ್ದಳು.

“ಗುರುವಾರನ ಬಂದಿತ್ರಿ ಸಾಹೇಬ್ರ,” ಎಂದೆ. “ನನ್ನ ಹೆಸರ ಕಿಟಕಿ ಬಾಜೂ ಹಲಿಗಿ ಮ್ಯಾಲ ಐತಲ್ರಿ. ಓದಿ ಹೇಳಾಕತ್ತೈತಿ.”

ಕರೆಯದೆಯೇ ಬಾಗಿಲಿಂದ ಫಕೀರಪ್ಪ ಮಾತಾಡಿದ: “ಬುಧವಾರರಿ ಸಾಹೇಬ್ರ. ಒಳಗ ಹೋಗಿ ಹೇಳಿದಾಂವ ನಾನರಿ. ಭಜಿ ತಂದಾಂವನೂ ನಾನರಿ.”

“ನಿನ್ನ ಯಾರ ಕೇಳ್ಯಾರೋ?” ಎಂದರು ಅಣ್ಣಾರಾಯರು.

ಸಾಹೇಬರು ಆವಕ ಪುಸ್ತಕ ತರಿಸಿ ಆ ಪುಟ ನೋಡಿದರು. ಅವರಿಗೂ ಸತ್ಯ ಹೊಳೆದಿತ್ತು ಎಂದು ನನಗೆ ಅನ್ನಿಸುತ್ತದೆ. ತಾವು ಫಿರತಿ ಹೋದಾಗ ಕಚೇರಿಯಲ್ಲಿ ಹಾಡು ಹಚ್ಚುತ್ತಾರೆ ಎಂಬುದು ಆ ದಿನಗಳಲ್ಲಿ ಮೇಲಕ್ಕೆ ಹೋದರೆ ಅವರಿಗೂ ಕ್ಷೇಮವಲ್ಲ. ಆದರೆ ಅವರ ಮೌನವನ್ನು ತೋರಿಸಿ ನನ್ನ ಸುಳ್ಳನ್ನು ಹಂಚಿಕೊಳ್ಳುವುದಿಲ್ಲ. ನಾನು ಬುಧವಾರ ಎಂದಿದ್ದರೆ ಅವರು ಬರೆದುಕೊಡಲೇಬೇಕಾಗುತ್ತಿತ್ತು. ನನಗೆ ಮೆಮೊ ಬರುತ್ತಿತ್ತು, ಇಲ್ಲವೇ ನೌಕರಿ ಹೋಗುತ್ತಿತ್ತು. ಅವಳಿಗೆ ಸೀಟು ಸಿಗುತ್ತಿತ್ತು.

“ದಾಖಲೆ ಹೇಳೂದು ಗುರುವಾರ,” ಎಂದರು ಸಾಹೇಬರು. “ನಾ ಏನೂ ಮಾಡಾಕ ಬರೂದಿಲ್ಲ.”

ತಂದೆ ಕೈಮುಗಿದು ಹಿಂದಕ್ಕೆ ಸರಿದ. ಮಾಯವ್ವ ಬಾಗಿಲ ಹತ್ತಿರ ನಿಂತು ನನ್ನ ಕಡೆ ತಿರುಗಿದಳು. “ಸರ್, ನಿಮ್ಮ ಹೆಸರ ಬಂದಾಗ ನನಗೂ ಖುಷಿಯಾಗಿತ್ರಿ,” ಎಂದಳು. ಅಷ್ಟೇ ಹೇಳಿ ಹೋದಳು.

ಹದಿನೈದು ದಿನದೊಳಗೆ ಫಕೀರಪ್ಪನಿಗೆ ಕಿತ್ತೂರಿಗೆ ವರ್ಗದ ಹುಕುಂ ಬಂತು. ಅವನ ಹೆಂಡತಿ ರಾಮದುರ್ಗದಲ್ಲಿ ಮಗ್ಗ ನೇಯುತ್ತಿದ್ದಳು, ಮನೆ ಬಿಟ್ಟು ಬರುವಂತಿರಲಿಲ್ಲ. ಟ್ರಂಕು ಹೊತ್ತು ಒಬ್ಬನೇ ಹೋದ. ಅವನು ಹೋದ ವಾರದ ಬುಧವಾರ ಕಚೇರಿಯಲ್ಲಿ ರೇಡಿಯೋ ಹಚ್ಚಲಿಲ್ಲ. ಮುಂದಿನ ಬುಧವಾರ ಹಚ್ಚಿದರು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ಕುಳಿತೆ. “ಯಾಕೋ ಈರಪ್ಪ, ಸನ್ಯಾಸಿ ಆದೇನು?” ಎಂದು ಕೇಳಿದರು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಲಕೋಟೆಯ ಮೇಲೆ ಊರಿನ ಜೊತೆ ಅವರ ಕೇರಿಯ ಹೆಸರೂ ಇತ್ತು. ಮರದ ಕೆಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ತಂದೆಯನ್ನು ನಾನು ನೋಡಿದ್ದೆ. ಊರ ಗೌಡರ ಮಗಳು ಬಂದಿದ್ದರೆ ಹಾಡು ಮುಗಿಯುವ ತನಕ ನಿಲ್ಲಿಸುತ್ತಿದ್ದೆನೇ? ಎದ್ದು ಕುರ್ಚಿ ಹಾಕುತ್ತಿದ್ದೆ, ಕೇಳದೆಯೇ ಚೀಟಿ ಕೊಡುತ್ತಿದ್ದೆ. ಮರೆವು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಮರೆವಿಗೂ ಜಾತಿ ಗೊತ್ತಿತ್ತು.

ಮುಂದೆ ನನಗೂ ಕಿತ್ತೂರಿಗೆ ವರ್ಗವಾಯಿತು. ಮೊದಲ ದಿನ ನೀರು ತಂದುಕೊಟ್ಟವನು ಫಕೀರಪ್ಪ. ಕೂದಲು ಬೆಳ್ಳಗಾಗಿತ್ತು. ಲೋಟ ಇಟ್ಟು ಕೇಳಿದ:

“ಆ ಹುಡುಗಿಗೆ ಮರುವರ್ಷರ ಸೀಟ ಸಿಕ್ತೇನ್ರಿ?”

“ಗೊತ್ತಿಲ್ಲ.”

“ಗೊತ್ತ ಮಾಡ್ಕೋಬೇಕಿತ್ರಿ.”

“ಫಕೀರಪ್ಪ, ನನ್ನಿಂದ ತಪ್ಪಾತು.”

“ನನಗ್ಯಾಕ ಹೇಳ್ತೀರಿ? ನಾ ಬಸ್ಸ ಹತ್ತಿ ಮನಿಗೆ ಹೋಗಿ ಬರತೇನಿ. ಹೇಳೂದಿದ್ರ ಸಾಲಹಳ್ಳಿಗೆ ಹೋಗಿ ಹೇಳ್ರಿ.”

ನಾನು ಹೋಗಲಿಲ್ಲ. ಹೋಗುವ ಧೈರ್ಯ ಇರಲಿಲ್ಲ. ಬೇರೆ ಕೆಲಸ ಮಾಡಿದೆ. ಕಿತ್ತೂರಿನ ಕಚೇರಿಯ ನನ್ನ ಕಿಟಕಿಯ ಎರಡೂ ಬಾಗಿಲುಗಳನ್ನು ಬಡಿಗನನ್ನು ಕರೆಸಿ ಕೀಳಿಸಿದೆ. ಮಳೆಗಾಲದಲ್ಲಿ ಎರಚಲು ಒಳಗೆ ಬಂದು ಪುಸ್ತಕ ತೋಯುತ್ತಿತ್ತು, ಅದಕ್ಕೆ ಗೋಣಿತಾಟು ಹೊದಿಸುತ್ತಿದ್ದೆ. ಕಾಗದ ಕೊಟ್ಟವರ ಕಣ್ಣೆದುರಿಗೆ ಮೊಹರು, ಮೊಹರಿನ ಪಕ್ಕದಲ್ಲಿ ಕೈಯಿಂದ ಬರೆದ ವೇಳೆ, ಕೇಳದಿದ್ದರೂ ಚೀಟಿ. ಡ್ರಾವರಿನಲ್ಲಿ ಯಾರ ಕಾಗದವನ್ನೂ ಇಡುತ್ತಿರಲಿಲ್ಲ. ಊಟದ ಡಬ್ಬಿ ಅದರಲ್ಲಿ ಇಡುತ್ತಿದ್ದೆ. “ಬಾಗಲಾ ಇಲ್ಲದ ಈರಪ್ಪ” ಎಂದು ಹೆಸರು ಬಿತ್ತು. ಒಬ್ಬ ಸಾಹೇಬರು ಬಾಗಿಲು ಕಿತ್ತದ್ದಕ್ಕೆ ಕಾರಣ ಕೇಳಿ ಪತ್ರ ಕೊಟ್ಟರು. “ಮುಚ್ಚುವ ಅಭ್ಯಾಸವಿದ್ದುದರಿಂದ” ಎಂದು ಬರೆದುಕೊಟ್ಟೆ. ನಿವೃತ್ತಿಯ ದಿನದ ತನಕ ಹೀಗೆಯೇ ನಡೆದೆ. ಇದರಿಂದ ಒಳ್ಳೆಯವನಾದೆ ಎಂದು ಬೀಗುವುದಿಲ್ಲ. ಮಾಯವ್ವನಿಗೆ ಕೊಡಬೇಕಾದ ಚೀಟಿಯನ್ನು ಬೇರೆಯವರಿಗೆ ಕೊಡುತ್ತ ಬಂದೆ, ಅಷ್ಟೇ.

ಈಗ ಕಂಪ್ಯೂಟರು ಬಂದಿದೆ, ತಾರೀಖು ವೇಳೆ ಎಲ್ಲ ತಾನೇ ಹಾಕುತ್ತದೆ, ಹಿಂದಿನ ಹಾಗೆ ಮೋಸ ಆಗುವುದಿಲ್ಲ ಎಂದು ನಮ್ಮ ಮೊಮ್ಮಗಳು ಹೇಳುತ್ತಾಳೆ. ಯಂತ್ರ ವೇಳೆ ಹಾಕುವುದು ನೀನು ಒತ್ತಿದಾಗ, ಅವರು ಬಂದು ನಿಂತಾಗ ಅಲ್ಲ ಎಂದೆ. ಹಾಡಿನ ಮೇಲೆ ನನಗೆ ಸಿಟ್ಟಿಲ್ಲ. ಈಗಿನವರು ಅದನ್ನು ಕಿವಿಯೊಳಗೇ ಇಟ್ಟುಕೊಂಡು ಕುಳಿತಿರುತ್ತಾರೆ. ನಮ್ಮ ಕಾಲದಲ್ಲಿ ಹೊರಗೆ ಕಾಯುವವರಿಗೂ ಅದು ಕೇಳಿಸುತ್ತಿತ್ತು, ಅದರಿಂದಲೇ ನಾನು ಸಿಕ್ಕಿಬಿದ್ದೆ. ಈಗ ಹಾಗೆ ಸಿಕ್ಕಿಬೀಳುವುದೂ ಇಲ್ಲ. ಆದ್ದರಿಂದ ಇನ್ನೂ ಹೆಚ್ಚು ಎಚ್ಚರ ಬೇಕು.

ಮೊಮ್ಮಗಳು ಕೆಲಸಕ್ಕೆ ಸೇರಿದ ದಿನವೇ ನಾನು ಗಟ್ಟಿ ಮನಸ್ಸು ಮಾಡಿದೆ. ಫಕೀರಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಸಾಲಹಳ್ಳಿಗೆ ಹೋಗಿ ವಿಚಾರಿಸಿದೆ. ಮರುವರ್ಷ ಅವಳು ಅರ್ಜಿ ಹಾಕಲೇ ಇಲ್ಲವಂತೆ, ತಂದೆ ಮದುವೆ ಮಾಡಿಬಿಟ್ಟನಂತೆ. ಈಗ ಕಟಕೋಳದಲ್ಲಿದ್ದಾಳೆ ಎಂದರು. ಹಾಳೆ, ಪೆನ್ನು ಕಿಸೆಯಲ್ಲಿಟ್ಟುಕೊಂಡು ಕಟಕೋಳದ ಬಸ್ಸು ಹತ್ತಿದೆ.

ಒಂದು ಹೆಂಚಿನ ಮನೆ. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಹೊಲಿಗೆ ಯಂತ್ರ, ಯಂತ್ರದ ಮುಂದೆ ಕನ್ನಡಕ ಹಾಕಿದ ಹೆಂಗಸು. ತಲೆಯೆತ್ತಿ ನೋಡಿದಳು.

“ಬರ್ರಿ ಯಪ್ಪಾ. ಈ ತೋಳ ಒಂದ ಮುಗೀಲಿ. ನಿಂದರಬ್ಯಾಡ್ರಿ, ಕುಂದರ್ರಿ, ಬಿಸಲಾಗ ಬಂದೀರಿ.” ಒಳಗೆ ಕೂಗಿ ನೀರು ತರಿಸಿದಳು. ಹಾಡು ಮುಗೀಲಿ ಎಂದು ನಾನು ಅವಳನ್ನು ನಿಲ್ಲಿಸಿದ್ದೆ.

ಯಾರೆಂದು ಹೇಳಿದೆ. ಯಂತ್ರ ನಿಂತಿತು. ಅವಳು ಬಟ್ಟೆಯಿಂದ ಸೂಜಿ ಬಿಡಿಸಿ, ದಾರ ಕತ್ತರಿಸಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾನು ಬುಧವಾರದಿಂದ ಹಿಡಿದು ಸಾಹೇಬರ ಕೋಣೆಯ ತನಕ ಒಂದೂ ಬಿಡದೆ ಹೇಳಿದೆ. ಹಾಳೆ ತೆಗೆದು ಅವಳ ಎದುರಿಗೇ ಬರೆದೆ: ಸಾಲಹಳ್ಳಿಯ ಮಾಯವ್ವ ಇವರು ಶಿಕ್ಷಕಿಯರ ತರಬೇತಿಗಾಗಿ ಕೊಟ್ಟ ಅರ್ಜಿಯು ಕೊನೆಯ ದಿನವಾದ ಬುಧವಾರ ನನ್ನ ಕೈಗೆ ಮುಟ್ಟಿದೆ. ಗುರುವಾರವೆಂದು ನಾನು ಹೇಳಿದ್ದು ಸುಳ್ಳು. ಸಹಿ ಮಾಡಿ ಕೊಟ್ಟೆ.

ಅವಳು ಕನ್ನಡಕ ಏರಿಸಿ ಎರಡು ಸಲ ಓದಿದಳು.

“ಇದರಿಂದ ಈಗ ನನಗ ಸಾಲಿ ಬರತೈತೇನ್ರಿ?”

“ಇಲ್ಲವಾ.”

“ಗೊತ್ತೈತಿ. ನಿಮ್ಮ ಬಾಯಿಲೆ ಹೇಳ್ರಿ ಅಂತ ಕೇಳಿದೆ.” ಹಾಳೆಯನ್ನು ತಿರುಗಿ ನನ್ನ ಕೈಗಿಟ್ಟಳು. “ವೇಳೆ ಬರದಿಲ್ಲ. ಬರೀರಿ.”

ಮಧ್ಯಾಹ್ನ ಎರಡೂಮುಕ್ಕಾಲು ಎಂದು ಬರೆದೆ.

“ಈಗ ಓದ್ರಿ. ಅವತ್ತ ರೇಡಿಯೋದಾಗ ನಿಮ್ಮ ಹೆಸರ ಓದಿದ್ರಲ್ಲ, ಹಂಗ, ಓಣಿಗೆಲ್ಲಾ ಕೇಳೂಹಂಗ ಓದ್ರಿ.”

ಎದ್ದು ಹೊಸ್ತಿಲಲ್ಲಿ ನಿಂತು ಓದಿದೆ. ಊರು, ಅವಳ ಹೆಸರು, ದಿನ, ವೇಳೆ, ಸುಳ್ಳು, ಕೊನೆಗೆ ನನ್ನ ಹೆಸರು. ಕಟ್ಟೆಯ ಮೇಲೆ ಕಾಳು ಆರಿಸುತ್ತಿದ್ದ ಪಕ್ಕದ ಮನೆಯ ಮುದುಕಿ ಕೈ ನಿಲ್ಲಿಸಿ ಕೂಗಿ ಕೇಳಿದಳು:

“ಯಾರ ಬೇ ಮಾಯವ್ವಾ ಅಂವಾ? ಏನ್ ಓದಾಕತ್ತಾನ?”

ಮಾಯವ್ವ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದಳು.

“ಆಫೀಸಿನವರು ಬೇ. ನನ್ನ ಅರ್ಜಿ ಮುಟ್ಟೇತಂತ.”